ಎರಡು, ಮೂರನೇ ಸಿಲಿಂಡರು ಮತ್ತು ಒಂದು ಚಮಚ ಸೀಸ

ಡಾಕ್ಟರ ಹತ್ತಿರ ಹೋದರೆ ಮೊದಲು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡ್ತಾರಲ್ಲ, ಹಳೇ ಕಾರಿನ ಮೇಸ್ತ್ರಿಗಳು ಎಂಜಿನ್ನಿಗೆ ಹಾಗೇ ಕಂಪ್ರೆಷನ್ ನೋಡ್ತಾರೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆ ತೂತಿಗೆ ಒಂದು ಗೇಜ್ ಒತ್ತಿ ಹಿಡಿದು, ಆಕ್ಸಿಲರೇಟರ್ ಪೂರ್ತಿ ತುಳಿದು, ಐದಾರು ಸಲ ಸೆಲ್ಫ್ ಹೊಡೆಯೋದು. ಮುಳ್ಳು ಎಲ್ಲಿ ನಿಲ್ಲುತ್ತೋ ಅದು ಆ ಸಿಲಿಂಡರಿನ ರೀಡಿಂಗ್. ಸೈಕಲ್ ಪಂಪಿನ ತುದಿಗೆ ಬೆರಳಿಟ್ಟು ಒತ್ತಿದಾಗ ಬೆರಳನ್ನು ತಳ್ಳುತ್ತಲ್ಲ ಗಾಳಿ, ಅಳೆಯೋದು ಅದನ್ನೇ. ನಾಲ್ಕು ಸಿಲಿಂಡರಿಗೆ ನಾಲ್ಕು ಅಂಕಿ.

ಈ ಅಂಕಿಗಳ ವಿಚಿತ್ರ ಏನಂದ್ರೆ, ಒಂದೊಂದನ್ನೇ ತಗೊಂಡರೆ ಅವು ಹೆಚ್ಚೇನೂ ಹೇಳಲ್ಲ. ಮಂಗಳೂರಲ್ಲಿ 130 ಪೌಂಡ್ ತೋರಿಸಿದ ಎಂಜಿನ್ನು ಬೆಂಗಳೂರಿಗೆ ಬಂದರೆ 117ರ ಹತ್ತಿರ ತೋರಿಸುತ್ತೆ. ಎಂಜಿನ್ ಕೆಟ್ಟಿರಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯೇ ಶೇಕಡ 10ರಷ್ಟು ತೆಳು. ಬ್ಯಾಟರಿ ವೀಕಾಗಿದ್ದರೆ ರೀಡಿಂಗ್ ಕಡಿಮೆ, ತಲೆಯೊಳಗೆ ಕಾರ್ಬನ್ ಕಟ್ಟಿದ್ದರೆ ಹೆಚ್ಚು. ಹಾಗಾಗಿ ನೋಡಬೇಕಾದ್ದು ಅಂಕಿಗಳ ನಡುವಿನ ವ್ಯತ್ಯಾಸ. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಒಳಗೆ ಏನೋ ಎಡವಟ್ಟಾಗಿದೆ ಅಂತ ಲೆಕ್ಕ.

ನಮ್ಮ ದೊಡ್ಡಪ್ಪ ಬಿಟ್ಟುಹೋದ ಒಂದು ಅಂಬಾಸಿಡರ್ ಇದೆ. 1978ರ ಗಾಡಿ, ಮಾರ್ಕ್ 3. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಎಷ್ಟೋ ಮದುವೆ ಹೆಣ್ಣುಗಳನ್ನು, ಎಷ್ಟೋ ಬಸುರಿಯರನ್ನು ಹೊತ್ತ ಕಾರು. ಈಗ ಅದು ದೊಡ್ಡಪ್ಪನ ಮಗ, ನಮ್ಮಣ್ಣನದು. ಹೋದ ವರ್ಷ ಅದರ ಜೋರು ಕಮ್ಮಿಯಾಯ್ತು, ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡತೊಡಗಿತು. ಕಂಪ್ರೆಷನ್ ನೋಡಿಸಿದಾಗ ಬಂದ ಅಂಕಿಗಳು ಹೀಗಿದ್ದವು: 125, 88, 84, 122.

ಗಾಡಿ ರಿಪೇರಿಯ ಯಾವ ಪುಸ್ತಕ ತೆಗೆದರೂ ಇದಕ್ಕೆ ಒಂದು ಸಿದ್ಧ ಉತ್ತರ ಸಿಗುತ್ತೆ. ಪಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದಿವೆ, ಅಂದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಒಂದರ ಗಾಳಿ ಇನ್ನೊಂದಕ್ಕೆ ನುಗ್ತಿದೆ. ಮದ್ದೂರಿನ ಹುಡುಗ ಮೆಕ್ಯಾನಿಕ್ ಹೇಳಿದ್ದೂ ಅದನ್ನೇ. ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. ಪಿಸ್ಟನ್ ರಿಂಗು ಸವೆದಿದ್ದರೆ ಆಯಿಲ್ ಅಲ್ಲಿ ಸಂದು ಮುಚ್ಚಿ ರೀಡಿಂಗ್ ಏರಬೇಕು. ಏರಲಿಲ್ಲ. "ರಿಂಗ್ ಚೆನ್ನಾಗೈತೆ ಕಣಣ್ಣ, ಗ್ಯಾಸ್ಕೆಟ್ಟೇ ಹೋಗಿರೋದು" ಅಂದ. ತರ್ಕದಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ನೀರು ಕುದೀತಿರಲಿಲ್ಲ, ಆಯಿಲ್‌ಗೆ ನೀರು ಬೆರೆತಿರಲಿಲ್ಲ. ಜೊತೆಗೆ, ಯಾವಾಗಲೂ ಟಕಟಕ ಅನ್ನುತ್ತಿದ್ದ ಟ್ಯಾಪೆಟ್ಟುಗಳು ಇತ್ತೀಚೆಗೆ ಸುಮ್ಮನಾಗಿದ್ದವು. ಎಂಜಿನ್ ಹೊಸದರಂಗೆ ಸೈಲೆಂಟಾಗಿದೆ ಅಂತ ಅಣ್ಣ ಖುಷಿಯಲ್ಲೇ ಇದ್ದ. ಮಂಡ್ಯದಲ್ಲಿ ಅಂಬಾಸಿಡರ್‌ಗಳಲ್ಲೇ ತಲೆ ನರೆಸಿಕೊಂಡ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ, ಎಲ್ಲರೂ ಭಾಯ್ ಅಂತಲೇ ಕರೆಯೋದು. ಅವರಿಗೆ ಕಿವಿ ನೆಟ್ಟಗಾಗಿದ್ದು ಈ ಮಾತಿಗೇ. "ಸದ್ದು ನಿಂತೋಯ್ತಾ? ಹಂಗಾದ್ರೆ ಬಿಚ್ಚೋಕೆ ಮುಂಚೆ ಗಾಳಿ ಬಿಟ್ಟು ನೋಡಣ, ತಡೀರಿ" ಅಂದರು.

ಅವರ ಉಪಕರಣ ಅವರೇ ಮಾಡಿಕೊಂಡಿದ್ದು. ಹಳೇ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿದ್ದು. ಅದನ್ನು ಪ್ಲಗ್ ತೂತಿಗೆ ತಿರುಪಿ, ಪಿಸ್ಟನ್ನನ್ನು ಮೇಲಕ್ಕೆ ತಂದು, ಗಾಡಿ ಗೇರಿನಲ್ಲಿಟ್ಟು, ಕಂಪ್ರೆಸರ್‌ನಿಂದ ಗಾಳಿ ಬಿಡೋದು. ಆಮೇಲೆ ಕಿವಿಯ ಕೆಲಸ. ಕಾರ್ಬುರೇಟರಲ್ಲಿ ಉಸ್ಸೆಂದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಬಂದರೆ ಪಿಸ್ಟನ್ ರಿಂಗು. ರೇಡಿಯೇಟರಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಪಕ್ಕದ ಪ್ಲಗ್ ತೂತಲ್ಲಿ ಬಂದರೂ ಗ್ಯಾಸ್ಕೆಟ್. ಸೈಲೆನ್ಸರಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್.

ಎರಡನೆಯದಕ್ಕೆ ಗಾಳಿ ಬಿಟ್ಟಾಗ ಸೈಲೆನ್ಸರ್ ಸಿಳ್ಳೆ ಹಾಕಿತು. ಆದರೆ ಮೂರನೆಯದರ ತೂತಿನಲ್ಲೂ ಸಣ್ಣಗೆ ಉಸಿರು ಬರ್ತಿತ್ತು! ಹಾಗಾದರೆ ಗ್ಯಾಸ್ಕೆಟ್ಟೂ ಹೋಗಿದೆಯಾ? ಭಾಯ್ ಮಾತಾಡದೆ ಮೂರನೇ ಸಿಲಿಂಡರಿನ ಟ್ಯಾಪೆಟ್ಟುಗಳನ್ನು ಸಡಿಲ ಮಾಡಿದರು. ಉಸಿರು ನಿಂತಿತು, ಸೈಲೆನ್ಸರಿನ ಸಿಳ್ಳೆ ನಿಲ್ಲಲಿಲ್ಲ. ಕಾರಣ ಇಷ್ಟು: ಅಂಬಾಸಿಡರಿನ ಹೆಡ್ಡಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರಿನ ಹೊಗೆ ಒಂದೇ ದಾರಿಯಲ್ಲಿ ಹೊರಗೆ ಹೋಗುತ್ತೆ. ಎರಡನೆಯದರ ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವ ಹೊತ್ತಿಗೆ ಮೂರನೆಯದರ ವಾಲ್ವುಗಳು ಒಂಚೂರು ತೆರೆದಿರುತ್ತವೆ. ಎರಡನೆಯದರ ಎಕ್ಸಾಸ್ಟ್ ವಾಲ್ವಿನಿಂದ ಸೋರಿದ ಗಾಳಿ ಆ ದಾರಿಯಲ್ಲೇ ಮೂರನೇ ಮನೆಗೂ ಇಣುಕುತ್ತಿತ್ತು ಅಷ್ಟೆ. ಗ್ಯಾಸ್ಕೆಟ್ ನಿರ್ದೋಷಿ. ಮೂರನೆಯದಕ್ಕೆ ಗಾಳಿ ಬಿಟ್ಟಾಗಲೂ ಇದೇ ಕಥೆ. ಹೋಗಿದ್ದು ಎರಡೂ ಕಡೆಯ ಎಕ್ಸಾಸ್ಟ್ ವಾಲ್ವುಗಳ ಸೀಟು.

ಟ್ಯಾಪೆಟ್ ನೋಡಿದರೆ 15 ಥೌ ಎಲೆ ಸಲೀಸಾಗಿ ಹೋಗಬೇಕಾದ ಸಂದಿನಲ್ಲಿ 4 ಥೌ ಎಲೆಯೂ ಹೋಗಲಿಲ್ಲ. ಹಿಂದಿನ ಮಳೆಗಾಲದಲ್ಲಿ ಸೆಟ್ ಮಾಡಿಸಿದ್ದು. ಸಾಮಾನ್ಯ ಸವೆತದಲ್ಲಿ ಈ ಸಂದು ಹೆಚ್ಚಾಗುತ್ತೆ, ಸದ್ದೂ ಹೆಚ್ಚಾಗುತ್ತೆ. ಇಲ್ಲಿ ಉಲ್ಟಾ. ವಾಲ್ವ್ ಕೂರುವ ಸೀಟು ಸವೆದು, ವಾಲ್ವೇ ಹೆಡ್ಡಿನೊಳಗೆ ಹೂತುಕೊಳ್ತಾ ಹೋಗಿ, ಸಂದು ಮುಚ್ಚಿ, ಕಡೆಗೆ ವಾಲ್ವ್ ಪೂರ್ತಿ ಮುಚ್ಚಲಾರದ ಸ್ಥಿತಿಗೆ ಬಂದಿತ್ತು. "ಆಗಿನ ಪೆಟ್ರೋಲಲ್ಲಿ ಹಿಂಗಾಗ್ತಿರ್ಲಿಲ್ಲ, ಸೀಸ ಇರ್ತಿತ್ತು" ಅಂದರು ಭಾಯ್, ಕೈ ಒರೆಸಿಕೊಳ್ಳುತ್ತಾ. ಅಣ್ಣ ಅದನ್ನೇ ಹಿಡಕೊಂಡ. "ನೋಡಪ್ಪಾ, ಎಲ್ಲಾ ಕಲಬೆರಕೆ ಈಗ. ಆಗಿನ ಪೆಟ್ರೋಲೇ ಪೆಟ್ರೋಲು."

ಭಾಯ್ ಹೇಳಿದ್ದು ನಿಜ. ಅಣ್ಣ ಹೇಳಿದ್ದು ನಿಜವಾ ಅಂತ ನೋಡಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾರ್ ಮಾಡಿದ ಗ್ಯಾಸ್ ಎಂಜಿನ್ನಿನಲ್ಲಿ ಕಂಪ್ರೆಷನ್ನೇ ಇರಲಿಲ್ಲ. ಗ್ಯಾಸು ಗಾಳಿ ಒಳಗೆಳೆದು ಹಾಗೇ ಹೊತ್ತಿಸೋದು. ಓಡುತ್ತಿತ್ತು, ಆದರೆ ಸಿಕ್ಕಾಪಟ್ಟೆ ಗ್ಯಾಸ್ ಕುಡಿಯುತ್ತಿತ್ತು. ಹೊತ್ತಿಸುವ ಮುಂಚೆ ಒತ್ತಬೇಕು ಅಂತ 1862ರಲ್ಲಿ ಬೋ ಡಿ ರೋಷಾ ಅನ್ನೋ ಫ್ರೆಂಚ್ ಎಂಜಿನಿಯರ್ ಬರೆದಿಟ್ಟ. ಅದನ್ನು ನಿಜವಾಗಿ ಓಡಿಸಿ ತೋರಿಸಿದ್ದು 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ. ನಾವು ಬಿಇಯಲ್ಲಿ ಬಾಯಿಪಾಠ ಮಾಡಿದ ಆಟೊ ಸೈಕಲ್ ಇದೇ. ಅದರ ಲೆಕ್ಕ ಸರಳ: ಎಷ್ಟು ಹೆಚ್ಚು ಒತ್ತಿದರೆ ಅಷ್ಟು ಲಾಭ. ಗಾಳಿಯನ್ನು ನಾಲ್ಕನೇ ಒಂದು ಭಾಗಕ್ಕೆ ಒತ್ತಿದರೆ ಕಾಗದದ ಲೆಕ್ಕದಲ್ಲಿ ಶಾಖದ ಶೇಕಡ 43 ಕೆಲಸಕ್ಕೆ ಸಿಗುತ್ತೆ, ಎಂಟನೇ ಒಂದು ಭಾಗಕ್ಕೆ ಒತ್ತಿದರೆ ಶೇಕಡ 56. ನಿಜವಾದ ಎಂಜಿನ್ನಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಸಿಗುತ್ತೆ. ಆದರೂ ದಿಕ್ಕು ಅದೇ.

ಹಾಗಿದ್ದರೆ ಒತ್ತುತ್ತಾ ಹೋಗಬಹುದಿತ್ತಲ್ಲ? ಪೆಟ್ರೋಲ್ ಬಿಡಲಿಲ್ಲ. ಜಾಸ್ತಿ ಒತ್ತಿದರೆ ಮೂಲೆಯಲ್ಲಿದ್ದ ಮಿಶ್ರಣ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತೆ. ಏರಿನಲ್ಲಿ ಟಾಪ್ ಗೇರಲ್ಲೇ ಎಳೆದರೆ ಹಳೇ ಕಾರುಗಳು ಕಟಕಟ ಅನ್ನುತ್ತವಲ್ಲ, ಅದು. ಎಂಜಿನಿಯರುಗಳು ನಾಕಿಂಗ್ ಅಂದರು. ಹೆಚ್ಚು ಹೊತ್ತು ಹಾಗೇ ಓಡಿಸಿದರೆ ಪಿಸ್ಟನ್ ತೂತಾಗುತ್ತೆ. ಕಾರುಗಳು ಹೆಚ್ಚಿದಂತೆ ಪೆಟ್ರೋಲಿನ ಗುಣಮಟ್ಟವೂ ಇಳಿದಿತ್ತು. ಹೀಗಾಗಿ ಫೋರ್ಡಿನ ಮಾಡೆಲ್ ಟಿ ಕಾರಿನ ಕಂಪ್ರೆಷನ್ ಅನುಪಾತ 4ರ ಆಸುಪಾಸಿನಲ್ಲೇ ಉಳಿಯಿತು.

ಆಗ ರಂಗಕ್ಕೆ ಬಂದವರು ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವರು ಇವರೇ. ತಮ್ಮ ಬ್ಯಾಟರಿ ಇಗ್ನಿಷನ್ನಿಂದಲೇ ನಾಕಿಂಗ್ ಬರೋದು ಅಂತ ಜನ ದೂರಿದ್ದರಿಂದ ಅವರಿಗೆ ಇದರ ಮೂಲ ಹುಡುಕಲೇಬೇಕಿತ್ತು. ಕೆಲಸ ವಹಿಸಿದ್ದು ಥಾಮಸ್ ಮಿಡ್ಗ್ಲಿ ಅನ್ನೋ ಯುವ ಎಂಜಿನಿಯರಿಗೆ. ಮಿಡ್ಗ್ಲಿ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿದ. ಅಯೋಡಿನ್ ಕೆಲಸ ಮಾಡಿತು, ದುಬಾರಿಯಾಯ್ತು. ಟೆಲ್ಯೂರಿಯಂ ಕೆಲಸ ಮಾಡಿತು, ಮೈಯೆಲ್ಲ ಬೆಳ್ಳುಳ್ಳಿ ನಾತ. ಆಲ್ಕೋಹಾಲ್ ಕೂಡ ಚೆನ್ನಾಗೇ ಕೆಲಸ ಮಾಡಿತು. ಆದರೆ ಅದನ್ನು ಲೀಟರುಗಟ್ಟಲೆ ಬೆರೆಸಬೇಕು, ಮೇಲಾಗಿ ಯಾವ ರೈತ ಬೇಕಾದರೂ ಹುಳಿ ಬರಿಸಿ ಭಟ್ಟಿ ಇಳಿಸಬಹುದಾದ ವಸ್ತುವಿನ ಮೇಲೆ ಹಕ್ಕು ಕಟ್ಟಿಕೊಳ್ಳೋದು ಕಷ್ಟ. ಕೊನೆಗೆ 1921ರ ಡಿಸೆಂಬರ್ 9ರಂದು ಟೆಟ್ರಾ ಈಥೈಲ್ ಲೆಡ್ ಹಾಕಿ ನೋಡಿದರು. ಒಂದು ಗ್ಯಾಲನ್ನಿಗೆ ಒಂದು ಚಮಚಕ್ಕೂ ಕಡಿಮೆ. ನಾಕಿಂಗ್ ಮಾಯ.

1923ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಮಾರಾಟ ಶುರುವಾಯ್ತು. ಹೆಸರು 'ಈಥೈಲ್'. ಸೀಸ ಅನ್ನೋ ಪದವೇ ಇಲ್ಲ! ಸೀಸ ವಿಷ ಅನ್ನೋದು ರೋಮನ್ನರ ಕಾಲದಿಂದ ಗೊತ್ತಿದ್ದ ವಿಷಯ. ಜಾಹೀರಾತಿನವರಿಗೂ ಗೊತ್ತಿತ್ತು ಅಂತಾಯ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರು ಇಲ್ಲದ್ದನ್ನು ಕಂಡಂತೆ ಬಡಬಡಿಸತೊಡಗಿದರು. 5 ಜನ ಸತ್ತರು, 30ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪತ್ರಿಕೆಗಳು ಇದಕ್ಕೆ 'ಹುಚ್ಚು ಗ್ಯಾಸ್' ಅಂತ ಹೆಸರಿಟ್ಟವು. ಅದೇ ತಿಂಗಳ 30ರಂದು ಮಿಡ್ಗ್ಲಿ ಪತ್ರಕರ್ತರ ಎದುರು ಆ ದ್ರವವನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಮೂಸಿ, ಏನೂ ಆಗಲ್ಲ ಅಂದ. ಅದಕ್ಕೂ ಹಿಂದಿನ ವರ್ಷವೇ ಅದೇ ಸೀಸದ ವಿಷವೇರಿ ಫ್ಲಾರಿಡಾಕ್ಕೆ ಹೋಗಿ ಸುಧಾರಿಸಿಕೊಂಡು ಬಂದಿದ್ದವನು ಅವನೇ.

1925ರಲ್ಲಿ ಅಮೆರಿಕ ಸರ್ಕಾರ ಒಂದು ಸಮ್ಮೇಳನ ಕರೆಯಿತು. ಹಾರ್ವರ್ಡಿನ ಮೊದಲ ಮಹಿಳಾ ಅಧ್ಯಾಪಕಿ, ಕಾರ್ಖಾನೆಗಳ ವಿಷಗಳ ಬಗ್ಗೆ ಜೀವಮಾನವಿಡೀ ದುಡಿದ ಆಲಿಸ್ ಹ್ಯಾಮಿಲ್ಟನ್ ಖಡಾಖಂಡಿತ ವಿರೋಧಿಸಿದರು. ಮರುವರ್ಷ ಸಮಿತಿ ಹೇಳಿದ್ದು: ನಿಷೇಧಿಸಲು ಸದ್ಯಕ್ಕೆ ಸಾಕಷ್ಟು ಆಧಾರವಿಲ್ಲ. ಆ 'ಸದ್ಯ' ಐವತ್ತು ವರ್ಷ ಎಳೆಯಿತು. ಕಂಪ್ರೆಷನ್ ಏರಿತು, ಕಾರುಗಳ ಜೋರು ಏರಿತು, ಜಗತ್ತಿನ ಬಹುಪಾಲು ಪೆಟ್ರೋಲಿಗೆ ಸೀಸ ಬಿತ್ತು.

ಇದರ ಜೊತೆ ಯಾರೂ ಕೇಳದ ಒಂದು ಲಾಭವೂ ಬಂತು. ಸೀಸ ಉರಿದಾಗ ಅದರ ತೆಳುವಾದ ಪದರ ಎಕ್ಸಾಸ್ಟ್ ವಾಲ್ವಿನ ಸೀಟಿನ ಮೇಲೆ ಕೂರುತ್ತಿತ್ತು. ಕೆಂಪಗೆ ಕಾದ ವಾಲ್ವಿಗೂ ಎರಕದ ಕಬ್ಬಿಣದ ಸೀಟಿಗೂ ನಡುವೆ ಮೆತ್ತೆಯ ಹಾಗೆ. ಆ ಮೆತ್ತೆ ಇಲ್ಲದಿದ್ದರೆ ವಾಲ್ವ್ ಬಡಿದಾಗಲೆಲ್ಲ ಸೀಟಿಗೆ ಕಣದಷ್ಟು ಅಂಟಿಕೊಂಡು, ಏಳುವಾಗ ಕಬ್ಬಿಣ ಕಿತ್ತುಕೊಂಡು ಬರುತ್ತೆ. ಕಿತ್ತ ಚೂರು ಸಾಣೆಕಲ್ಲಿನಂತೆ ಉಜ್ಜುತ್ತೆ. ಸೀಸ ಇದೆ ಅನ್ನೋ ಧೈರ್ಯದಲ್ಲಿ ಅಂಬಾಸಿಡರಿನಂಥ ಎಂಜಿನ್ನುಗಳ ಸೀಟನ್ನು ಹೆಡ್ಡಿನ ಮೆದು ಕಬ್ಬಿಣದಲ್ಲೇ ಕೊರೆದು ಬಿಟ್ಟಿದ್ದರು. ನಮ್ಮ ಕಾರು 2000ದ ನಂತರವೂ ಇಪ್ಪತ್ತು ವರ್ಷ ಬಾಳಿದ್ದು ಹೇಗೆ ಅಂದರೆ, ಹಳೇ ಪದರ ಸ್ವಲ್ಪ ಕಾಲ ಉಳಿದಿರುತ್ತೆ, ಮೇಲಾಗಿ ಅದು ಓಡಿದ್ದು ನಮ್ಮೂರ ರಸ್ತೆಯಲ್ಲಿ, ನಲವತ್ತರ ವೇಗದಲ್ಲಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆಯ್ತು. ಅಣ್ಣ ತೊಂಬತ್ತರಲ್ಲಿ ಬಿಡತೊಡಗಿದ. ವೇಗ ಹೆಚ್ಚಿದಷ್ಟೂ ಈ ಸವೆತ ಜೋರು. ಅದರಲ್ಲೂ ಎರಡು ಮತ್ತು ಮೂರನೆಯದರ ಎಕ್ಸಾಸ್ಟ್ ವಾಲ್ವುಗಳು ಒಂದೇ ದಾರಿಗೆ ಬಿಸಿ ಉಗುಳುತ್ತಾ ಪಕ್ಕಪಕ್ಕದಲ್ಲೇ ಕಾಯುತ್ತವೆ. ಮೊದಲು ಬಿದ್ದಿದ್ದು ಅವೇ.

ಇನ್ನು ಸೀಸದ ಉಳಿದರ್ಧ ಕಥೆ. ಎಂಜಿನ್ನಿನೊಳಗೆ ಕೂತಿದ್ದು ಚೂರು, ಉಳಿದದ್ದು ಸೈಲೆನ್ಸರಿಂದ ಬೀದಿಗೆ ಬಂತು. ಇದನ್ನು ಪತ್ತೆ ಮಾಡಿದ ಕ್ಲೇರ್ ಪ್ಯಾಟರ್ಸನ್‌ಗೂ ಕಾರಿಗೂ ಸಂಬಂಧವೇ ಇರಲಿಲ್ಲ. ಭೂಮಿಯ ವಯಸ್ಸು ಲೆಕ್ಕ ಹಾಕಲು ಕಲ್ಲಿನಲ್ಲಿರುವ ಸೀಸ ಅಳೆಯುತ್ತಿದ್ದ ವಿಜ್ಞಾನಿ ಆತ. ರೀಡಿಂಗ್ ಪ್ರತಿ ಸಲ ಅತಿಯಾಗಿ ಬರುತ್ತಿತ್ತು. ಉಪಕರಣ ತೊಳೆದ, ಲ್ಯಾಬ್ ತೊಳೆದ, ಗಾಳಿಯನ್ನೂ ಸೋಸಿದ. ಕೊನೆಗೆ 1956ರಲ್ಲಿ ಭೂಮಿಗೆ 455 ಕೋಟಿ ವರ್ಷ ಅಂತ ಪ್ರಕಟಿಸಿದ, ಇವತ್ತಿಗೂ ಒಪ್ಪಿರುವ ಲೆಕ್ಕ ಅದು. ಅಲ್ಲಿಗೆ ಅವನ ಕೆಲಸ ಮುಗೀಬೇಕಿತ್ತು. ಆದರೆ ತನ್ನ ರೀಡಿಂಗನ್ನು ಕೆಡಿಸುತ್ತಿದ್ದ ಸೀಸ ಎಲ್ಲಿಂದ ಬಂತು ಅನ್ನೋದನ್ನು ಅವನು ಬಿಡಲಿಲ್ಲ. ಸಮುದ್ರದ ನೀರು, ಗ್ರೀನ್‌ಲ್ಯಾಂಡಿನ ಹಿಮದ ಪದರ ಎಲ್ಲವನ್ನೂ ಅಳೆದು, ಇದು ಪ್ರಕೃತಿಯದ್ದಲ್ಲ, ಮನುಷ್ಯ ಊದಿದ್ದು ಅಂತ ಬರೆದ. ಪೆಟ್ರೋಲಿನ ಸೀಸವೇ ಇದರ ದೊಡ್ಡ ಮೂಲ ಅಂತ ತೋರಿಸಿಕೊಟ್ಟ. ಕಂಪನಿಗಳು ಅವನ ಮೇಲೆ ಬಿದ್ದವು. ಅವನು ಬಗ್ಗಲಿಲ್ಲ. 1975ರಿಂದ ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಸೀಸ ಅದನ್ನು ಕೆಡಿಸುತ್ತೆ ಅನ್ನೋ ಕಾರಣಕ್ಕೂ ಸೀಸ ಹಿಂದೆ ಸರಿಯಿತು. 1976ರಿಂದ 1980ರೊಳಗೆ ಅಲ್ಲಿನ ಜನರ ರಕ್ತದಲ್ಲಿನ ಸೀಸ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು.

ನಮ್ಮಲ್ಲಿ? 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಸಿಗತೊಡಗಿತು. ಆ ನಾಲ್ಕರಲ್ಲಿ ಬೆಂಗಳೂರು ಇರಲಿಲ್ಲ. ದೇಶಕ್ಕೆಲ್ಲ ಬಂದಿದ್ದು 2000ದಲ್ಲಿ. ಅದರ ಹಿಂದಿನ ವರ್ಷ, 1999ರ ಫೆಬ್ರವರಿಯಲ್ಲಿ, ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿದ್ದು ಬೆಂಗಳೂರಿನಲ್ಲೇ. ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತ್ತು. 12 ವರ್ಷದೊಳಗಿನವರಲ್ಲಿ ಅರ್ಧದಷ್ಟು ಮಕ್ಕಳಿಗೆ, ಆಗ ಅಪಾಯದ ಗೆರೆ ಅಂತಿದ್ದ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ರಕ್ತದಲ್ಲಿತ್ತು. ಪ್ರತಿ ಡೆಸಿಲೀಟರಿಗೆ ಈ ಲೆಕ್ಕ. ಅಮೆರಿಕದಲ್ಲಿ ಈಗ ಆ ಗೆರೆ 3.5ಕ್ಕೆ ಇಳಿದಿದೆ. ಸುರಕ್ಷಿತ ಅನ್ನಬಹುದಾದ ಮಟ್ಟವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಈ ವಿಷಯ ಹಿಡಿದು ವರ್ಷಗಟ್ಟಲೆ ಹೋರಾಡಿದರು. ಎಲ್ಲ ಸೀಸವೂ ಪೆಟ್ರೋಲಿನದ್ದಲ್ಲ, ಬಣ್ಣ ಮತ್ತು ಬ್ಯಾಟರಿ ಕರಗಿಸುವ ಗೂಡುಗಳದ್ದೂ ಪಾಲಿದೆ, ಅವು ಇನ್ನೂ ನಿಂತಿಲ್ಲ. ಆದರೆ ಪ್ರತಿ ಬೀದಿಗೂ, ಮಕ್ಕಳ ಮೂಗಿನ ಎತ್ತರದಲ್ಲೇ, ದಿನಾ ತಲುಪುತ್ತಿದ್ದದ್ದು ಸೈಲೆನ್ಸರಿನ ಹೊಗೆಯೇ.

1999ರಲ್ಲಿ 12 ವರ್ಷದೊಳಗಿದ್ದ ನಗರದ ಮಕ್ಕಳು ಯಾರು ಹೇಳಿ? ಈಗ ನನ್ನ ಪಕ್ಕದ ಡೆಸ್ಕಿನಲ್ಲಿ ಕೂತು ಕೋಡ್ ಬರೆಯುವವರು, ಬಹುಶಃ ಇದನ್ನು ಓದುತ್ತಿರುವ ನೀವೂ. ನಾನು ಬೆಳೆದದ್ದು ದಿನಕ್ಕೆ ನಾಲ್ಕು ಬಸ್ಸು ಬರುವ ಊರಲ್ಲಿ. ಮಜೆಸ್ಟಿಕ್ಕಿನ, ಶಿವಾಜಿನಗರದ ಸ್ಕೂಲಿನ ಮಕ್ಕಳಿಗೆ ಆ ಅದೃಷ್ಟ ಇರಲಿಲ್ಲ. ಸೀಸ ಮುಖ್ಯವಾಗಿ ಹೊಡೆಯೋದು ಬೆಳೆಯುವ ಮಿದುಳಿಗೆ: ಗಮನ, ನೆನಪು, ಕಲಿಕೆ. ಇದು ಗೇಜಿಗೆ ಸಿಗುವಂಥದ್ದಲ್ಲ. ಇರುವುದಕ್ಕಿಂತ ಎಷ್ಟು ಚುರುಕಾಗಿರಬಹುದಿತ್ತು ಅಂತ ಯಾರಿಗೆ ಯಾರು ಹೇಳೋಕಾಗುತ್ತೆ? ವಾಲ್ವ್ ಸೀಟಿಗೆ ಸಿಕ್ಕ ಆ ಮೆತ್ತೆಯ ಬೆಲೆಯನ್ನು ತೆತ್ತವರು ಕಾರಿನ ಮಾಲೀಕರಲ್ಲ.

ಹಾಗಾಗಿ ಅಣ್ಣನ 'ಆಗಿನ ಪೆಟ್ರೋಲೇ ಪೆಟ್ರೋಲು' ಅನ್ನೋ ಮಾತು ನಾಲ್ಕು ಸಿಲಿಂಡರಿನ ಮಟ್ಟಿಗೆ ಸರಿ, ಊರಿನ ಮಟ್ಟಿಗೆ ತಪ್ಪು. ನಾನಿದನ್ನು ಹೇಳಿದೆ. "ಹಂಗಂತ ನಮ್ಮಪ್ಪನ ಗಾಡಿ ತೂಕಕ್ಕೆ ಹಾಕ್ಬೇಕಾ?" ಅಂತ ಕೇಳಿದ. ಖಂಡಿತ ಬೇಡ. ರೋಗ ಸರಿಯಾಗಿ ಗೊತ್ತಾದ್ದರಿಂದ ಮದ್ದೂ ಸರಳವಾಗಿತ್ತು. ಹೆಡ್ ಇಳಿಸಿ, ಲೇತ್‌ನವರ ಹತ್ತಿರ ನಾಲ್ಕೂ ಎಕ್ಸಾಸ್ಟ್ ಸೀಟು ಕೊರೆಸಿ, ಗಟ್ಟಿ ಉಕ್ಕಿನ ರಿಂಗು ಕೂರಿಸಿ, ಹೊಸ ವಾಲ್ವ್ ಹಾಕಿ ಉಜ್ಜಿಸಿದ್ದಾಯ್ತು. ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದ್ದರೆ ಅಂಕಿ ಹಾಗೇ ಇರುತ್ತಿತ್ತು. ಬರೀ ಟ್ಯಾಪೆಟ್ ಸೆಟ್ ಮಾಡಿದ್ದರೆ ಕೆಲವು ತಿಂಗಳು ಏರಿ ಮತ್ತೆ ಬೀಳುತ್ತಿತ್ತು. ಈಗ ನಾಲ್ಕೂ 120ರ ಮೇಲಿವೆ. ಟ್ಯಾಪೆಟ್ ಟಕಟಕ ಮತ್ತೆ ಶುರುವಾಗಿದೆ. ಹಳೇ ಕಾರಿಟ್ಟುಕೊಂಡ ಸ್ನೇಹಿತರಿಗೆ ನಾನು ಹೇಳೋದು ಇಷ್ಟೇ: ಅಂಬಾಸಿಡರಿನಂಥ ಗಾಡಿಯಲ್ಲಿ ನಡುವಿನ ಎರಡು ಅಂಕಿ ಬಿದ್ದರೆ, ಗ್ಯಾಸ್ಕೆಟ್ ಅಂತ ಹೆಡ್ ಬಿಚ್ಚುವ ಮುಂಚೆ ಟ್ಯಾಪೆಟ್ ಸಂದು ನೋಡಿ, ಗಾಳಿ ಬಿಟ್ಟು ಕೇಳಿ.

ಮೊದಲೇ ಬೆಲೆ ತೆತ್ತು ಸರಿಯಾದ ಸೀಟು ಕೂರಿಸಿದ್ದರೆ, ಆಲ್ಕೋಹಾಲನ್ನು ಕೈಬಿಡದಿದ್ದರೆ ಸೀಸದ ಹಂಗೇ ಬೇಕಿರಲಿಲ್ಲ ಅನ್ನೋದು ಈ ಇತಿಹಾಸ ಓದಿದವರಿಗೆ ಚುಚ್ಚುವ ಸಂಗತಿ. ದಾರಿ ಗೊತ್ತಿರಲಿಲ್ಲ ಅಂತಲ್ಲ. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಲು ನಮ್ಮ ದೇಶ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಮಾಡಿಕೊಂಡಿತ್ತು. ಮಿಡ್ಗ್ಲಿ ಪಕ್ಕಕ್ಕಿಟ್ಟ ನೂರು ವರ್ಷಕ್ಕೆ, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್. ಹಳೇ ಕಾರಿನವರು ಗೊಣಗುತ್ತಿದ್ದಾರೆ. ಅವರ ಗೊಣಗಾಟ ಸುಳ್ಳಲ್ಲ: ಎಥೆನಾಲ್ ಹಳೇ ರಬ್ಬರ್ ಪೈಪು, ಡಯಾಫ್ರಂಗಳನ್ನು ತಿನ್ನುತ್ತೆ, ಮೈಲೇಜ್ ಇಳಿಸುತ್ತೆ, ಸೀಟಿಗೆ ಮೆತ್ತೆಯನ್ನಂತೂ ಕೊಡಲ್ಲ. ಪೈಪು ಬದಲಿಸಿಕೊಳ್ಳಬಹುದು. ಅಷ್ಟು ಕಬ್ಬಿಗೆ ನೀರೆಲ್ಲಿಂದ ಅನ್ನೋ ಪ್ರಶ್ನೆಯನ್ನು ಮಂಡ್ಯದವನಾಗಿ ನಾನೂ ಕೇಳ್ತೀನಿ, ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಈ ಸಲ ಲೆಕ್ಕ ಕಣ್ಣೆದುರಿಗಿದೆ. ನೀರೆಷ್ಟು, ಮೈಲೇಜ್ ಎಷ್ಟು ಅಂತ ಎಲ್ಲರೂ ಕೂತು ಜಗಳ ಆಡಬಹುದು. ಸೀಸದ ವಿಷಯದಲ್ಲಿ ಆ ಜಗಳಕ್ಕೆ ಅವಕಾಶವೇ ಸಿಗಬಾರದು ಅಂತ ತಾನೇ ಡಬ್ಬದ ಮೇಲೆ ಅದರ ಹೆಸರು ಬರೆಯದೆ ಬಿಟ್ಟಿದ್ದು.